ಹಳೆಯ ಇಟ್ಟಿಗೆ ಫೈರ್‌ಪ್ಲೇಸ್‌ಗೆ ಇನ್‌ಸರ್ಟ್ ಹಾಕಿಸಿದರೆ ಮನೆ ನಿಜಕ್ಕೂ ಬೆಚ್ಚಗಾಗುತ್ತದೆಯೇ?

ಹೇಮಾವತಿ (ವೂಸ್ಟರ್ ಹತ್ತಿರ, ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ 1960ರ ದಶಕದ ಮನೆಯೊಂದನ್ನು ಕೊಂಡೆವು. ನಡುಮನೆಯಲ್ಲಿ ದೊಡ್ಡ ಇಟ್ಟಿಗೆ ಫೈರ್‌ಪ್ಲೇಸ್ ಇದೆ. ಅದರ ಚಿಮಣಿ ಹೊರಗೋಡೆಗೆ ಅಂಟಿಕೊಂಡು ಮೇಲಕ್ಕೆ ಹೋಗಿದೆ. ಮನೆ ಕಾಯಿಸುವುದು ಆಯಿಲ್ ಬಾಯ್ಲರ್. ಗೋಡೆಯ ಬುಡದುದ್ದಕ್ಕೂ ಬಿಸಿನೀರಿನ ಕೊಳವೆಗಳಿವೆ.

ಫೈರ್‌ಪ್ಲೇಸ್‌ನಲ್ಲಿ ಬೆಂಕಿ ಹಾಕಿದರೆ ಎದುರಿಗೆ ಕುಳಿತವರ ಮೊಣಕಾಲು ಸುಡುತ್ತದೆ, ಬೆನ್ನು ಮಾತ್ರ ತಣ್ಣಗೇ ಇರುತ್ತದೆ. ಇನ್ನೂ ವಿಚಿತ್ರವೆಂದರೆ, ಬೆಂಕಿ ಜೋರಾಗಿ ಉರಿಯುವಾಗಲೇ ಮಹಡಿಯ ಮಲಗುವ ಕೋಣೆಗಳು ಇನ್ನಷ್ಟು ಥಂಡಿಯಾಗುತ್ತವೆ. ಅಂಗಡಿಯವರೊಬ್ಬರು ಬಂದು ನೋಡಿ, "ಇನ್‌ಸರ್ಟ್ ಹಾಕಿಸಿ, ಒಂದೇ ದಿನದ ಕೆಲಸ. ಒಳಗೆ ತಳ್ಳಿ ಕೂರಿಸಿಬಿಡುತ್ತೇವೆ. ಲೈನರ್ (ಚಿಮಣಿಯೊಳಗೆ ಇಳಿಸುವ ಲೋಹದ ಹೊಗೆಕೊಳವೆ) ಬೇಕಾದರೆ ಹಾಕೋಣ, ಇಲ್ಲದಿದ್ದರೂ ನಡೆಯುತ್ತದೆ" ಎಂದರು. ಸೌದೆ, ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ), ಗ್ಯಾಸ್, ವಿದ್ಯುತ್ ಎಂದು ನಾಲ್ಕು ಬಗೆ ತೋರಿಸಿದರು. ಡಿಸೆಂಬರ್‌ನಲ್ಲಿ ಅತ್ತೆ, ಮಾವ ಊರಿನಿಂದ ಬರುತ್ತಿದ್ದಾರೆ. ಹಿಮಗಾಳಿಗೆ ಕರೆಂಟ್ ಹೋದರೆ ಅವರಿಬ್ಬರನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ನನ್ನ ಚಿಂತೆ. ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಬೆಟ್ಟದ ಬದಿ (ದಕ್ಷಿಣ ನ್ಯೂ ಹ್ಯಾಂಪ್‌ಶೈರ್)

ಹೇಮಾವತಿ ಅವರೇ, ಹೊಸ ಮನೆಗೆ ಶುಭಾಶಯಗಳು. "ಲೈನರ್ ಇಲ್ಲದಿದ್ದರೂ ನಡೆಯುತ್ತದೆ" ಎಂದವರಿಂದ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಕಾರಣ ಹೇಳುತ್ತೇನೆ.

ತೆರೆದ ಫೈರ್‌ಪ್ಲೇಸ್‌ನಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಕೋಣೆಗೆ ಸಿಕ್ಕರೆ ಹೆಚ್ಚು. ಉಳಿದದ್ದು ಚಿಮಣಿಯ ಪಾಲು. ಹೋಗುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ, ನಿಮ್ಮ ಬಾಯ್ಲರ್ ಕಾಯಿಸಿಟ್ಟ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಹೊರಹೋದಷ್ಟೇ ಗಾಳಿ ಒಳಬರಬೇಕಲ್ಲ? ಅದು ಮಹಡಿಯ ಕಿಟಕಿಯ ಸಂದಿನಿಂದ, ಬಾಗಿಲಿನ ಅಡಿಯಿಂದ, ವಿದ್ಯುತ್ ಸಾಕೆಟ್‌ಗಳ ಹಿಂದಿನಿಂದ ನುಗ್ಗುತ್ತದೆ. ನಿಮ್ಮ ಮಲಗುವ ಕೋಣೆಗಳು ತಣ್ಣಗಾಗುವುದು ಇದರಿಂದಲೇ.

ಇನ್‌ಸರ್ಟ್ ಎಂದರೆ ಉಕ್ಕಿನ ಅಥವಾ ಎರಕದ ಕಬ್ಬಿಣದ ಮುಚ್ಚಿದ ಒಲೆ. ಅದನ್ನು ಫೈರ್‌ಪ್ಲೇಸ್‌ನ ಬಾಯೊಳಗೆ ಕೂರಿಸುತ್ತಾರೆ. ಮುಂದೆ ಗಾಜಿನ ಬಾಗಿಲು, ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಹಿಡಿಕೆ, ಸುತ್ತ ಅಂದಕ್ಕೆ ಲೋಹದ ಚೌಕಟ್ಟು. ಒಲೆಯ ಹೊರಮೈಗೂ ಕವಚಕ್ಕೂ ನಡುವಿನ ಜಾಗದಲ್ಲಿ ಗಾಳಿ ಸುತ್ತಿ ಬಿಸಿಯಾಗುತ್ತದೆ, ಅದನ್ನು ಸಣ್ಣ ಬ್ಲೋವರ್ ಕೋಣೆಗೆ ತಳ್ಳುತ್ತದೆ. ಬೆಂಕಿಗೆ ಬೇಕಾದಷ್ಟೇ ಗಾಳಿ ಸಿಗುವುದರಿಂದ ಇಂದಿನ ಒಳ್ಳೆಯ ಮಾದರಿಗಳಲ್ಲಿ ಶೇ. 65ರಿಂದ 80ರಷ್ಟು ಶಾಖ ಮನೆಯಲ್ಲೇ ಉಳಿಯುತ್ತದೆ.

ಇನ್ನು ಲೈನರ್. ಇನ್‌ಸರ್ಟ್‌ನಿಂದ ಹೊರಡುವ ಹೊಗೆ ತೆರೆದ ಫೈರ್‌ಪ್ಲೇಸ್‌ನ ಹೊಗೆಗಿಂತ ಕಡಿಮೆ, ನಿಧಾನ. ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ 6 ಇಂಚಿನ ಕೊಳವೆ, ಅಂದರೆ ಸುಮಾರು 28 ಚದರ ಇಂಚಿನ ದಾರಿ. ನಿಮ್ಮ ಕಾಲದ ಮನೆಗಳ ಮಣ್ಣಿನ ಹೆಂಚಿನ ಹೊಗೆದಾರಿ ಅನೇಕ ಕಡೆ 100 ಚದರ ಇಂಚಿಗೂ ಮೀರಿರುತ್ತದೆ. ಅಷ್ಟು ಅಗಲದ, ಹೊರಗಿನ ಚಳಿಗೆ ಹೆಪ್ಪುಗಟ್ಟಿದ ಚಿಮಣಿಗೆ ಆ ಹೊಗೆಯನ್ನು ಬಿಟ್ಟರೆ ಅರ್ಧದಾರಿಯಲ್ಲೇ ತಣಿದು ಗೋಡೆಗೆ ಅಂಟುತ್ತದೆ. ಅದೇ ಕ್ರಿಯೋಸೋಟ್. ಮೊದಲು ಮಸಿಯ ಪುಡಿ, ಆಮೇಲೆ ಕರಿಯ ಚಕ್ಕೆ, ಕೊನೆಗೆ ಡಾಂಬರು ಬಳಿದಂತೆ ಹೊಳೆಯುವ ಪದರ. ಆ ಪದರಕ್ಕೆ ಕಿಡಿ ತಾಗಿದರೆ ಚಿಮಣಿಯೊಳಗೆ 1100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿ ಏಳಬಹುದು. ಹೆಂಚು ಸೀಳುತ್ತದೆ, ಅದರ ಹಿಂದಿರುವ ಮರದ ತೊಲೆ ಹತ್ತಿಕೊಳ್ಳುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಇಲ್ಲಿ ಸಾವಿರಾರು ಮನೆಗಳಲ್ಲಿ ಲೈನರ್ ಇಲ್ಲದೆ ಹೀಗೆಯೇ ಇನ್‌ಸರ್ಟ್ ತಳ್ಳಿ ಕೂರಿಸಿದರು. ಚಿಮಣಿ ಶುದ್ಧಿ ಮಾಡುವ ಹಿರಿಯರನ್ನು ಕೇಳಿ, ಆ ಒಲೆಗಳನ್ನು ಹೊರಗೆಳೆದಾಗ ಹಿಂದೆ ಏನೇನು ಕಂಡಿತೆಂದು ಹೇಳುತ್ತಾರೆ.

ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 211ರ ಪ್ರಕಾರವೂ, ಹೊರಗೋಡೆಯ ಚಿಮಣಿಯ ದಾರಿ ಒಲೆಯ ಹೊಗೆಬಾಯಿಯ ಎರಡು ಪಟ್ಟಿಗಿಂತ ದೊಡ್ಡದಿರಬಾರದು. ನಿಮ್ಮ ಚಿಮಣಿ ಹೊರಗೋಡೆಯದ್ದೇ. ಆದ್ದರಿಂದ ಒಲೆಯ ನೆತ್ತಿಯಿಂದ ಚಿಮಣಿಯ ತುದಿಯವರೆಗೆ ಸ್ಟೇನ್‌ಲೆಸ್ ಲೈನರ್, ಅದರ ಸುತ್ತ ಶಾಖನಿರೋಧಕ ಹೊದಿಕೆ. ಇದರಲ್ಲಿ ಚೌಕಾಸಿ ಬೇಡ.

ಶಾಖಲೆಕ್ಕ (ರಾಚೆಸ್ಟರ್, ನ್ಯೂಯಾರ್ಕ್)

ಬೆಟ್ಟದ ಬದಿಯವರ ಮಾತು ಪೂರ್ತಿ ಸರಿ. ಒಂದನ್ನು ಸೇರಿಸುತ್ತೇನೆ. ಲೈನರ್ ಇಳಿಸಲು ಹಳೆಯ ಡ್ಯಾಂಪರನ್ನು (ಹೊಗೆದಾರಿಯನ್ನು ಮುಚ್ಚುವ ಲೋಹದ ಮುಚ್ಚಳವನ್ನು) ತೆಗೆಯುತ್ತಾರೆ ಅಥವಾ ಕತ್ತರಿಸುತ್ತಾರೆ. ಆಗ ಲೈನರಿನ ಸುತ್ತ ಒಂದು ದೊಡ್ಡ ಕಿಂಡಿ ಉಳಿಯುತ್ತದೆ. ಅದನ್ನು ತಗಡಿನ ಹಲಗೆಯಿಂದ ಮುಚ್ಚಿ, ಮೇಲೆ ಕಲ್ಲುಣ್ಣೆ (ರಾಕ್‌ವೂಲ್) ಒತ್ತಬೇಕು. ಎಷ್ಟೋ ಮಂದಿ ಕೂರಿಸುವವರು ಇದನ್ನು ಮಾಡುವುದೇ ಇಲ್ಲ, ಕೇಳಿದರೆ "ಮುಂದಿನ ಚೌಕಟ್ಟು ಮುಚ್ಚುತ್ತದೆ" ಎನ್ನುತ್ತಾರೆ. ಚೌಕಟ್ಟು ಕಣ್ಣಿಗೆ ಮಾತ್ರ ಮುಚ್ಚುತ್ತದೆ. ಒಲೆಯ ಬೆನ್ನಿನಿಂದ ಬಿಟ್ಟ ಶಾಖವೆಲ್ಲ ಚಿಮಣಿಯ ಪೊಳ್ಳಿಗೆ ಏರಿ ಹೊರಗೋಡೆಯ ಇಟ್ಟಿಗೆಯನ್ನು ಕಾಯಿಸುತ್ತಿರುತ್ತದೆ. ಅಂದಾಜು ಪಟ್ಟಿಯಲ್ಲಿ ಆ ತಗಡಿನ ತಡೆಯನ್ನು ಪ್ರತ್ಯೇಕ ಸಾಲಾಗಿ ಬರೆಸಿಕೊಳ್ಳಿ.

ಈಗ ಇಂಧನದ ಲೆಕ್ಕ. ಒಂದು ಗ್ಯಾಲನ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು (ಶಾಖದ ಅಳತೆ) ಇದೆ. ಬಾಯ್ಲರಿನ ನಷ್ಟ ಕಳೆದರೆ ಮನೆಗೆ 1,18,000ದಷ್ಟು. ಒಣಗಿದ ಕೆಂಪು ಓಕ್ ಸೌದೆ ಒಂದು ಕಾರ್ಡ್‌ಗೆ ಸುಮಾರು 2 ಕೋಟಿ 40 ಲಕ್ಷ ಬಿಟಿಯು. ಶೇ. 70ರ ದಕ್ಷತೆಯಲ್ಲಿ ಉರಿಸಿದರೆ ಒಂದು ಕಾರ್ಡ್ ಸೌದೆ ಸುಮಾರು 140 ಗ್ಯಾಲನ್ ಆಯಿಲ್ ಮಾಡುವ ಕೆಲಸ ಮಾಡುತ್ತದೆ. ಒಂದು ಟನ್ ಪೆಲೆಟ್, ಅಂದರೆ 40 ಪೌಂಡಿನ 50 ಚೀಲ, ನೂರು ಗ್ಯಾಲನ್‌ಗಿಂತ ತುಸು ಹೆಚ್ಚು. ನಿಮ್ಮ ಊರಿನ ಈ ವರ್ಷದ ದರಗಳನ್ನು ಇದರ ಪಕ್ಕ ಇಟ್ಟು ನೋಡಿ. ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, 128 ಘನ ಅಡಿ. ಒಂದೇ ಸಾಲು ಜೋಡಿಸಿ ಅದಕ್ಕೂ ಕಾರ್ಡ್ ಎನ್ನುವ ಮಾರಾಟಗಾರರಿದ್ದಾರೆ. ಅಳತೆಪಟ್ಟಿ ಕೈಯಲ್ಲಿರಲಿ.

ಮತ್ತೊಂದು ವಿಷಯ. ಇನ್‌ಸರ್ಟ್‌ಗೆ ಹಣ ಹಾಕುವ ಮೊದಲು ನಿಮ್ಮ ರಾಜ್ಯದ ಇಂಧನ ಉಳಿತಾಯ ಯೋಜನೆಯಾದ ಮಾಸ್ ಸೇವ್‌ನ ಮನೆ ತಪಾಸಣೆಯನ್ನು ಮಾಡಿಸಿಕೊಳ್ಳಿ. ಅಟ್ಟದ ಸಂದುಗಳನ್ನು ಮುಚ್ಚಿಸಿದರೆ ಯಾವ ಒಲೆಯಾದರೂ ಎರಡರಷ್ಟು ಹಿತ ಕೊಡುತ್ತದೆ. ದಿನನಿತ್ಯದ ಶಾಖಕ್ಕೆ ನನ್ನ ಒಲವು ಹೀಟ್ ಪಂಪ್ ಕಡೆಗೆ. ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ, ಮೂರು ಪಟ್ಟು ಶಾಖ ತರುವ ಯಂತ್ರವನ್ನು ಬಿಟ್ಟು ಸೌದೆ ಹೊರುವುದೇಕೆ?

ಬೆಟ್ಟದ ಬದಿ

ಶಾಖಲೆಕ್ಕ ಸರ್, ಹೀಟ್ ಪಂಪ್ ನಮ್ಮ ಮನೆಯಲ್ಲೂ ಇದೆ, ಅಕ್ಟೋಬರ್, ಏಪ್ರಿಲ್ ತಿಂಗಳುಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಆದರೆ ಹೇಮಾವತಿಯವರು ಕೇಳಿರುವುದು ಕರೆಂಟ್ ಹೋದ ರಾತ್ರಿಯ ಬಗ್ಗೆ. 2008ರ ಡಿಸೆಂಬರ್‌ನಲ್ಲಿ ಮಂಜಿನ ಮಳೆ ಬಂದು ಇದೇ ವೂಸ್ಟರ್ ಸೀಮೆಯಲ್ಲಿ, ನಮ್ಮ ಕಡೆಯೂ, ಮರಗಳೆಲ್ಲ ತಂತಿಯ ಮೇಲೆ ಮುರಿದು ಬಿದ್ದವು. ಎಷ್ಟೋ ಮನೆಗಳಿಗೆ ವಾರಗಟ್ಟಲೆ, ಕೆಲವಕ್ಕೆ ಎರಡು ವಾರದವರೆಗೂ ವಿದ್ಯುತ್ ಬರಲಿಲ್ಲ. ಆಯಿಲ್ ಟ್ಯಾಂಕ್ ತುಂಬಿದ್ದರೂ ಬಾಯ್ಲರ್ ಓಡಲು ಕರೆಂಟ್ ಬೇಕು. ಹೀಟ್ ಪಂಪ್‌ಗೂ ಬೇಕು. ಪೆಲೆಟ್ ಇನ್‌ಸರ್ಟ್‌ಗೂ ಬೇಕು, ಏಕೆಂದರೆ ಪೆಲೆಟ್ಟನ್ನು ಒಳಗೆ ತಳ್ಳುವ ತಿರುಪು, ಹೊಗೆ ಎಳೆಯುವ ಫ್ಯಾನ್ ಎಲ್ಲವೂ ಮೋಟಾರಿನವು. ಬ್ಯಾಟರಿ ಇಲ್ಲದಿದ್ದರೆ ಪೆಲೆಟ್ ಒಲೆ ಆ ರಾತ್ರಿ ನಿಮ್ಮ ಜೊತೆಗಿರುವುದಿಲ್ಲ.

ಸೌದೆಯ ಇನ್‌ಸರ್ಟ್ ಬ್ಲೋವರ್ ನಿಂತರೂ ಉರಿಯುತ್ತದೆ. ಶಾಖ ಸ್ವಲ್ಪ ಕಡಿಮೆಯಾಗುತ್ತದೆ, ಏಕೆಂದರೆ ಒಲೆಯ ಬಹುಭಾಗ ಇಟ್ಟಿಗೆಯೊಳಗೆ ಹುದುಗಿರುತ್ತದೆ. ಕರೆಂಟಿಲ್ಲದ ಹೊತ್ತೇ ಮುಖ್ಯವಾಗಿದ್ದರೆ, ಮುಂಭಾಗ ಹಾಸುಗಲ್ಲಿನ ಮೇಲಕ್ಕೆ ಚಾಚಿಕೊಂಡಿರುವ ಮಾದರಿಯನ್ನು ಆರಿಸಿ. ಆ ಚಾಚಿದ ನೆತ್ತಿಯ ಮೇಲೆ ಪಾತ್ರೆಯನ್ನೂ ಇಡಬಹುದು, ಅತ್ತೆ ಮಾವನವರಿಗೆ ಕಾಫಿಗೆ ನೀರು ಕಾಯುತ್ತದೆ. ಚಪ್ಪಟೆಯಾಗಿ ಗೋಡೆಗೆ ಸಮನಾಗಿ ಕೂರುವ ಮಾದರಿ ನೋಡಲು ಅಂದ, ಬ್ಲೋವರ್ ಇಲ್ಲದಾಗ ಶಾಖ ಕಡಿಮೆ.

ಕೊಲ್ಲಿಯ ಕನ್ನಡಿಗ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ನಮ್ಮ ಕಡೆಯ ಓದುಗರಿಗಾಗಿ ಒಂದು ಮಾತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 2016ರ ನವೆಂಬರ್‌ನಿಂದ ಹೊಸ ಕಟ್ಟಡಗಳಲ್ಲಿ ಸೌದೆ ಉರಿಸುವ ಯಾವ ಸಾಧನವನ್ನೂ ಹಾಕುವಂತಿಲ್ಲ. ಹಳೆಯ ಮನೆಯಲ್ಲಿ ಇದ್ದರೂ, ಗಾಳಿ ಕೆಟ್ಟಿದೆಯೆಂದು ಎಚ್ಚರಿಕೆ ಹೊರಡಿಸಿದ ದಿನ ಉರಿಸಿದರೆ ದಂಡ. ಇಲ್ಲಿ ನಾವು ಗ್ಯಾಸ್ ಇನ್‌ಸರ್ಟ್ ಹಾಕಿಸಿದ್ದೇವೆ. ಅದಕ್ಕೆ ಚಿಮಣಿಯೊಳಗೆ ಎರಡು ಸಣ್ಣ ಕೊಳವೆಗಳು ಇಳಿಯುತ್ತವೆ, ಒಂದು ಹೊರಗಿನ ಗಾಳಿಯನ್ನು ತರುತ್ತದೆ, ಇನ್ನೊಂದು ಉರಿದ ಅನಿಲವನ್ನು ಒಯ್ಯುತ್ತದೆ. ಮನೆಯ ಗಾಳಿಯನ್ನು ಬೆಂಕಿ ಮುಟ್ಟುವುದೇ ಇಲ್ಲ. ಪೈಲಟ್ ದೀಪದ (ಸದಾ ಉರಿಯುವ ಪುಟ್ಟ ಜ್ವಾಲೆಯ) ಮಾದರಿ ಅಥವಾ ಬ್ಯಾಟರಿ ಬೆಂಬಲದ ಮಾದರಿಯಾದರೆ ಕರೆಂಟ್ ಹೋದಾಗಲೂ ಹೊತ್ತಿಕೊಳ್ಳುತ್ತದೆ. ಚಿಮಣಿಯೇ ಬೇಡ ಎಂದು ಮಾರುವ ಗ್ಯಾಸ್ ಸಾಧನಗಳೂ ಬೇರೆ ರಾಜ್ಯಗಳಲ್ಲಿ ಸಿಗುತ್ತವೆ. ಅವು ಉರಿದದ್ದನ್ನೆಲ್ಲ, ನೀರಾವಿಯನ್ನೂ ಸೇರಿಸಿ, ಕೋಣೆಗೇ ಬಿಡುತ್ತವೆ. ವಯಸ್ಸಾದವರಿರುವ ಮನೆಗೆ ಅದನ್ನು ನಾನು ಒಪ್ಪುವುದಿಲ್ಲ.

ಇಲ್ಲಿಯವರು ಇನ್ನೊಂದನ್ನು ನೆನಪಿಡಬೇಕು. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಇಟ್ಟಿಗೆ ಚಿಮಣಿಗಳು ಸಾಲುಸಾಲಾಗಿ ಉರುಳಿದ್ದವು. ಕಬ್ಬಿಣದ ಸರಳಿಲ್ಲದ ಹಳೆಯ ಚಿಮಣಿಯಾದರೆ ಅದರ ಬಲವನ್ನು ಮೊದಲು ಪರೀಕ್ಷಿಸಿ.

ಮಲ್ಲಿಗೆ ಬಳ್ಳಿ (ಎಡಿಸನ್, ನ್ಯೂಜೆರ್ಸಿ)

ನಮ್ಮ ಮಗನಿಗೆ ಅಸ್ತಮಾ ಇದೆ. ಪಕ್ಕದ ಮನೆಯವರು ಸೌದೆ ಉರಿಸಿದ ಸಂಜೆ ನಮ್ಮ ಹಿತ್ತಲಿನಲ್ಲೆಲ್ಲ ಹೊಗೆಯ ವಾಸನೆ ನಿಲ್ಲುತ್ತದೆ, ಮಗುವಿಗೆ ಕೆಮ್ಮು ಶುರುವಾಗುತ್ತದೆ. ಇನ್‌ಸರ್ಟ್ ಹಾಕಿದರೆ ಹೊಗೆ ನಿಜವಾಗಿ ಕಡಿಮೆಯಾಗುತ್ತದೆಯೇ ಅಥವಾ ಇದು ಬರಿಯ ಜಾಹೀರಾತೇ?

ಬೆಟ್ಟದ ಬದಿ

ಮೇಡಂ, ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ 2020ರ ಮೇ 15ರಿಂದ ಮಾರುವ ಸೌದೆ ಒಲೆಗಳು ಗಂಟೆಗೆ 2 ಗ್ರಾಂಗಿಂತ ಹೆಚ್ಚು ಕಣಗಳನ್ನು ಉಗುಳುವಂತಿಲ್ಲ, ನಿಜವಾದ ಸೌದೆಯಿಂದ ಪರೀಕ್ಷಿಸಿದರೆ ಎರಡೂವರೆ ಗ್ರಾಂ. ಹಳೆಯ ಒಲೆಗಳು ಇದರ ಎಷ್ಟೋ ಪಟ್ಟು ಉಗುಳುತ್ತಿದ್ದವು.

ಇದು ಸಾಧ್ಯವಾಗುವುದು ಹೊಗೆಯನ್ನೇ ಸುಡುವುದರಿಂದ. ಹೊಗೆಯೆಂದರೆ ಉರಿಯದೆ ಉಳಿದ ಇಂಧನ. ಒಂದು ಬಗೆಯ ಒಲೆಯಲ್ಲಿ ಚಾವಣಿಯ ಕೆಳಗೆ ರಂಧ್ರಗಳಿರುವ ಉಕ್ಕಿನ ಕೊಳವೆಗಳಿರುತ್ತವೆ. ಒಳಗೆ 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದಾಗ ಆ ರಂಧ್ರಗಳಿಂದ ಬರುವ ಬಿಸಿಗಾಳಿ ಹೊಗೆಗೆ ಸೇರಿ ಅಲ್ಲೇ ಹೊತ್ತಿಕೊಳ್ಳುತ್ತದೆ. ಗಾಳಿಯ ಹಿಡಿಕೆಯನ್ನು ಮೆಲ್ಲಗೆ ಒಳಗೆ ಒತ್ತಿದಾಗ ಇದನ್ನು ನೋಡಬೇಕು: ಕೊರಡಿನ ಮೇಲಿನ ಹಳದಿ ಉರಿ ಮಂದವಾಗುತ್ತದೆ, ಅದೇ ಹೊತ್ತಿಗೆ ಗಾಜಿನ ಮೇಲ್ಭಾಗದಲ್ಲಿ, ಕೊರಡಿಗೆ ತಾಗದೆ, ಪ್ರತಿ ರಂಧ್ರದಿಂದ ಒಂದೊಂದು ನಾಲಗೆ ಕೆಳಮುಖವಾಗಿ ಹೊರಳುತ್ತದೆ. ಆಗ ಹೊರಗೆ ಹೋಗಿ ಚಿಮಣಿಯ ತುದಿ ನೋಡಿದರೆ ಹೊಗೆ ಕಾಣದು, ಬಿಸಿಗಾಳಿಯ ನಡುಕ ಮಾತ್ರ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಅಮೂಲ್ಯ ಲೋಹ ಲೇಪಿಸಿದ ಜಾಲರಿ ಇರುತ್ತದೆ, ಅದು 260 ಡಿಗ್ರಿಯಲ್ಲೇ ಹೊಗೆಯನ್ನು ಸುಡುತ್ತದೆ, ಹಾಗಾಗಿ ರಾತ್ರಿಯಿಡೀ ನಿಧಾನವಾಗಿ ಉರಿಸಬಹುದು. ಆದರೆ ಜಾಲರಿ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಬದಲಿಸಬೇಕು. ಬಣ್ಣ ಬಳಿದ ಮರ, ಹೊಳಪಿನ ಕಾಗದ ಹಾಕಿದರೆ ಇನ್ನೂ ಬೇಗ ಕೆಡುತ್ತದೆ.

ಇಷ್ಟೆಲ್ಲ ಇದ್ದರೂ, ಅಸ್ತಮಾ ಇರುವ ಮಗುವಿನ ಮನೆಯಲ್ಲಿ ಸೌದೆ ಬೇಡ. ಬಾಗಿಲು ತೆರೆದು ಸೌದೆ ತುಂಬುವಾಗ, ಬೂದಿ ತೆಗೆಯುವಾಗ ಸ್ವಲ್ಪವಾದರೂ ಒಳಗೆ ಬಂದೇ ಬರುತ್ತದೆ. ನಿಮಗೆ ಹೊರಗಾಳಿಯ ಗ್ಯಾಸ್ ಇನ್‌ಸರ್ಟ್ ಅಥವಾ ಹೀಟ್ ಪಂಪ್ ಸೂಕ್ತ.

ಮಲ್ಲಿಗೆ ಬಳ್ಳಿ

ನಾವಿರುವುದು ಟೌನ್‌ಹೌಸ್, ಸಂಘದವರು ಚಿಮಣಿ ಮುಟ್ಟಲು ಬಿಡುವುದಿಲ್ಲ. ವಿದ್ಯುತ್ ಇನ್‌ಸರ್ಟ್ ಹೇಗೆ?

ಶಾಖಲೆಕ್ಕ

ಸಾಮಾನ್ಯ ಸಾಕೆಟ್‌ಗೆ ಸಿಕ್ಕಿಸುವ ವಿದ್ಯುತ್ ಇನ್‌ಸರ್ಟ್ 1500 ವಾಟಿನದು, ಗಂಟೆಗೆ ಸುಮಾರು 5100 ಬಿಟಿಯು. ಅಂಗಡಿಯ ಸಣ್ಣ ಹೀಟರ್ ಕೊಡುವುದೂ ಅಷ್ಟೇ. ಒಂದು ಕೋಣೆಯ ಚಳಿ ಮುರಿಯಲು ಸಾಕು, ಮನೆಗೆ ಸಾಲದು. ಉರಿಯ ನೋಟ ಬೇಕು, ಹೊಗೆ ಬೇಡ ಎನ್ನುವವರಿಗೆ ಒಳ್ಳೆಯದು. ಹಾಕಿದ ಮೇಲೆ ಚಿಮಣಿಯ ಡ್ಯಾಂಪರನ್ನು ಬಿಗಿಯಾಗಿ ಮುಚ್ಚಿಡಿ.

ಕುಣಿಗಲ್ ಮೇಷ್ಟ್ರು (ಸದ್ಯ ಹಾರ್ಟ್‌ಫರ್ಡ್, ಕನೆಕ್ಟಿಕಟ್, ಮಗನ ಮನೆಯಲ್ಲಿ)

ತಂಗಿ ಹೇಮಾವತಿ, ಈ ಚರ್ಚೆ ಓದಿ ಸಂತೋಷವಾಯಿತು. ನಮ್ಮ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದ ಕೇಂದ್ರವಿತ್ತು. ಅಸ್ತ್ರ ಒಲೆ ರೂಪುಗೊಂಡದ್ದು ಆ ತಂಡದ ಕೈಯಲ್ಲಿ. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಕಬ್ಬಿಣದ ಜಾಲರಿಯ ಕೆಳಗಿನಿಂದ ಅಳತೆಯ ಗಾಳಿ ಬಿಟ್ಟು, ಹೊಗೆಯನ್ನು ಚಿಮಣಿಗೆ ಸೇರಿಸುವ ಮೊದಲು ಎರಡನೆಯ, ಮೂರನೆಯ ಪಾತ್ರೆಯ ಅಡಿ ಹಾಯಿಸುತ್ತಿದ್ದರು. ಮೂರುಕಲ್ಲಿನ ಒಲೆಗೂ ಅಸ್ತ್ರ ಒಲೆಗೂ ಎಷ್ಟು ಅಂತರವೋ ತೆರೆದ ಫೈರ್‌ಪ್ಲೇಸ್‌ಗೂ ಈ ಇನ್‌ಸರ್ಟ್‌ಗೂ ಅಷ್ಟು ಎಂದು ನನಗೆ ತೋರುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಆ ಒಲೆಯಿಂದ ಸಿಕ್ಕ ದೊಡ್ಡ ಲಾಭ ಸೌದೆಯ ಉಳಿತಾಯಕ್ಕಿಂತ ಕಣ್ಣುರಿ ತಪ್ಪಿದ್ದು.

ಒಂದು ಪ್ರಶ್ನೆ. ಮಗನ ಮನೆಯಲ್ಲೂ ಇನ್‌ಸರ್ಟ್ ಇದೆ. ಗೃಹಪ್ರವೇಶದ ಹೋಮವನ್ನು ಅದರಲ್ಲೇ ಮಾಡಬಹುದೇ ಎಂದು ಸೊಸೆ ಕೇಳುತ್ತಿದ್ದಾಳೆ.

ಬೆಟ್ಟದ ಬದಿ

ಮೇಷ್ಟ್ರೇ, ನಮಸ್ಕಾರ. ಹೋಮಕ್ಕೆ ಇನ್‌ಸರ್ಟ್ ಬೇಡ. ಆಹುತಿ ಹಾಕಲು ಬಾಗಿಲು ತೆರೆದೇ ಇರಬೇಕಾಗುತ್ತದೆ, ಬಾಗಿಲು ತೆರೆದು ಉರಿಸಲು ಬಹುತೇಕ ಮಾದರಿಗಳಿಗೆ ಅನುಮತಿಯಿಲ್ಲ. ತುಪ್ಪ ಒಮ್ಮೆಲೇ ಭುಗಿಲೆದ್ದರೆ ಒಳಗಿನ ಹಲಗೆಗಳೂ ಗಾಜೂ ಹಾಳು. ಹವಾಮಾನ ನೋಡಿಕೊಂಡು ಹೊರಗಡೆ ತಾಮ್ರದ ಕುಂಡದಲ್ಲಿ ಮಾಡಿ. ಪಟ್ಟಣದ ಅಗ್ನಿಶಾಮಕ ಕಚೇರಿಗೆ ಮೊದಲೇ ತಿಳಿಸಿದರೆ ಒಳ್ಳೆಯದು.

ಉತ್ತರ ಗಾಳಿ (ಲೀಡ್ಸ್, ಇಂಗ್ಲೆಂಡ್)

ಇಂಗ್ಲೆಂಡಿನ ಕನ್ನಡಿಗರಿಗೆ ಉಪಯೋಗವಾಗಲಿ ಎಂದು ಇಲ್ಲಿಯ ಕಟ್ಟಳೆ ಹೇಳುತ್ತೇನೆ. 2022ರ ಜನವರಿಯಿಂದ ಮಾರುವ ಹೊಸ ಒಲೆಗಳೆಲ್ಲ ಇಕೋಡಿಸೈನ್ ಮಾನದಂಡಕ್ಕೆ ಒಳಪಡುತ್ತವೆ. ಅನೇಕ ನಗರಗಳು ಹೊಗೆ ನಿಯಂತ್ರಣ ವಲಯಗಳು, ಅಲ್ಲಿ ಸೌದೆ ಉರಿಸಲು ವಿನಾಯಿತಿ ಪಟ್ಟಿಯಲ್ಲಿರುವ ಒಲೆಯೇ ಬೇಕು. 2021ರ ಮೇ ತಿಂಗಳಿನಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇ. 20ನ್ನು ಮೀರುವಂತಿಲ್ಲ. ಒಲೆಯನ್ನು ಹೆಟಾಸ್ ಎಂಬ ಸಂಸ್ಥೆಯಲ್ಲಿ ನೋಂದಾಯಿತರಾದ ಕೆಲಸಗಾರರಿಂದ ಕೂರಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಮನೆ ಮಾರುವಾಗ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ.

ಇಲ್ಲಿಯ ಸಾಲುಮನೆಗಳ ಕೋಣೆ ಚಿಕ್ಕದು. ಜನ ದೊಡ್ಡ ಒಲೆ ತಂದು, ಸೆಕೆ ತಾಳಲಾರದೆ ಗಾಳಿ ಮುಚ್ಚಿ ಹೊಗೆಯಾಡಿಸುತ್ತಾರೆ. ಗಾಜು ಕಪ್ಪಾಗುತ್ತದೆ, ಚಿಮಣಿ ಕೆಡುತ್ತದೆ. ನಮ್ಮಂಥ ಕೋಣೆಗೆ 5 ಕಿಲೊವಾಟ್ ಧಾರಾಳ.

ಹೇಮಾವತಿ

ಎಲ್ಲರಿಗೂ ಧನ್ಯವಾದಗಳು. ಆ ಅಂಗಡಿಯವರಿಗೆ ಬೇಡವೆಂದು ಹೇಳಿದೆವು. ಚಿಮಣಿ ತಪಾಸಣೆಗೆ ಬೇರೆಯವರನ್ನು ಕರೆಸಿದೆವು. ಅವರು ಕ್ಯಾಮೆರಾ ಇಳಿಸಿ ತೋರಿಸಿದರು. ಮೇಲಿನಿಂದ ಮೂರನೆಯ ಹೆಂಚಿನ ಸೇರ್ಪಡೆಯಲ್ಲಿ ಗಾರೆ ಉದುರಿ ಹಿಂದಿನ ಇಟ್ಟಿಗೆ ಕಾಣುತ್ತಿತ್ತು. ಚಿಮಣಿಯ ನೆತ್ತಿಯ ಕಾಂಕ್ರೀಟ್ ಸಹ ಬಿರುಕು ಬಿಟ್ಟಿದೆ. ಲೈನರ್, ಶಾಖನಿರೋಧಕ ಹೊದಿಕೆ, ತಗಡಿನ ತಡೆ ಎಲ್ಲವನ್ನೂ ಸೇರಿಸಿ ಅಂದಾಜು ಕೊಟ್ಟಿದ್ದಾರೆ. ಮೊತ್ತ ನೋಡಿ ಮನೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ ಈಗಲೂ ಸಿಗುತ್ತದೆಯೇ?

ಇನ್ನೊಂದು ಸಂಗತಿ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಗಾಗಿ ದೊಡ್ಡ ಎಕ್ಸಾಸ್ಟ್ ಹುಡ್ ಹಾಕಿಸಿದ್ದೇವೆ, ನಿಮಿಷಕ್ಕೆ 900 ಘನ ಅಡಿ ಎಳೆಯುವಂಥದ್ದು. ತಪಾಸಣೆಗೆ ಬಂದವರು ಅದನ್ನು ಕಂಡು ತಲೆಯಾಡಿಸಿದರು. ಏಕೆಂದು ಕೇಳುವಷ್ಟರಲ್ಲಿ ಹೊರಟುಹೋದರು.

ಶಾಖಲೆಕ್ಕ

ಶೇ. 30ರ ಆ ರಿಯಾಯಿತಿ 2025ರ ಡಿಸೆಂಬರ್ 31ರವರೆಗೆ ಕೂರಿಸಿದವಕ್ಕೆ ಮಾತ್ರ ಇತ್ತು, ಅಲ್ಲಿಗೆ ಮುಗಿಯಿತು.

ಹುಡ್ ವಿಷಯ ನಮ್ಮವರೆಲ್ಲ ಗಮನವಿಟ್ಟು ಓದಬೇಕು. ಭಾರತೀಯ ಅಡುಗೆಗೆಂದು ನಾವು ಹಾಕಿಸುವ ಹುಡ್‌ಗಳು ಇಲ್ಲಿಯ ಸಾಮಾನ್ಯ ಮನೆಯವರ ಹುಡ್‌ಗಿಂತ ಎರಡು ಮೂರು ಪಟ್ಟು ಬಲದವು. ನಿಮಿಷಕ್ಕೆ 900 ಘನ ಅಡಿ ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಮನೆ ಬಿಗಿಯಾಗಿದ್ದರೆ ಅದಕ್ಕೆ ಸಿಗುವ ಸುಲಭದ ದಾರಿ ಚಿಮಣಿ. ಹುಡ್ ಓಡುವಾಗ ಇನ್‌ಸರ್ಟ್‌ನ ಬಾಗಿಲು ತೆರೆದರೆ ಹೊಗೆ ಕೋಣೆಗೆ ಉಕ್ಕುತ್ತದೆ. ಅದಕ್ಕಿಂತ ಅಪಾಯ ಬೆಂಕಿ ಕೆಂಡವಾಗಿ ಆರುತ್ತಿರುವಾಗ: ಚಿಮಣಿಯ ಎಳೆತ ಕುಗ್ಗಿರುತ್ತದೆ, ಹೊಗೆಯಿಲ್ಲದ್ದರಿಂದ ಮೂಗಿಗೆ ತಿಳಿಯುವುದಿಲ್ಲ, ಆದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತಲೇ ಇರುತ್ತದೆ. ನಿಮ್ಮ ಆಯಿಲ್ ಬಾಯ್ಲರಿನ ಹೊಗೆಯೂ ಹಿಮ್ಮುಖವಾಗಬಹುದು. ಇದಕ್ಕಾಗಿಯೇ ಇಲ್ಲಿಯ ವಸತಿ ಕಟ್ಟಡ ಸಂಹಿತೆಯಲ್ಲಿ, ಹೊಗೆಗೊಳವೆ ನಂಬಿದ ಇಂಥ ಸಾಧನಗಳಿರುವ ಮನೆಯಲ್ಲಿ 400 ಘನ ಅಡಿ ಮೀರಿದ ಹುಡ್ ಇದ್ದರೆ ಬದಲಿ ಗಾಳಿಗೆ ವ್ಯವಸ್ಥೆ ಮಾಡಬೇಕೆಂದಿದೆ.

ಹುಡ್ ಜೊತೆಗೆ ತಾನೇ ತೆರೆದುಕೊಳ್ಳುವ ಬದಲಿ ಗಾಳಿಯ ಕಿಂಡಿಯನ್ನು ಹಾಕಿಸಿ. ಅದು ಆಗುವವರೆಗೆ, ಬೆಂಕಿಯಿರುವಾಗ ಹುಡ್ ಹಾಕಿದರೆ ಅಡುಗೆಮನೆಯ ಕಿಟಕಿಯನ್ನು ತೆರೆದಿಡಿ, ಹುಡ್ ಕಡಿಮೆ ವೇಗದಲ್ಲಿರಲಿ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಅಲಾರಂ ಇರಲೇಬೇಕು.

ಉತ್ತರ ಗಾಳಿ

ಇದೇ ಮಾತು ಇಲ್ಲಿಯ ನಿಯಮದಲ್ಲೂ ಇದೆ. ಅಡುಗೆಮನೆಯೂ ಕೂರುವ ಕೋಣೆಯೂ ಒಂದೇ ಆಗಿರುವ ಮನೆಗಳಲ್ಲಿ, ಎಕ್ಸಾಸ್ಟ್ ಪೂರ್ಣ ವೇಗದಲ್ಲಿ ಓಡಿಸಿ ಹೊಗೆ ಹಿಂದಿರುಗುತ್ತದೆಯೇ ಎಂದು ಕೂರಿಸಿದವರು ಪರೀಕ್ಷಿಸಬೇಕು. ನಿಮ್ಮಲ್ಲೂ ಕೊನೆಯ ದಿನ ಹಾಗೆ ಪರೀಕ್ಷಿಸಿ ತೋರಿಸಿ ಎಂದು ಕೇಳಿ.

ಬೆಟ್ಟದ ಬದಿ

ಹೇಮಾವತಿ ಅವರೇ, ನೀವು ಕ್ಯಾಮೆರಾ ತಪಾಸಣೆ ಮಾಡಿಸಿದ್ದು ದೊಡ್ಡ ಕೆಲಸ. ಮನೆ ಕೈ ಬದಲಾದಾಗ, ಒಲೆ ಬದಲಾದಾಗ ಆ ಮಟ್ಟದ ತಪಾಸಣೆ ಆಗಲೇಬೇಕು.

ಪಟ್ಟಣದ ಕಟ್ಟಡ ವಿಭಾಗದ ಪರವಾನಗಿಯನ್ನು ಕೆಲಸಕ್ಕೆ ಮೊದಲು ಪಡೆಯಿರಿ. ಮನೆ ವಿಮೆಯವರಿಗೂ ಬರೆದು ತಿಳಿಸಿ. ಹಾಸುಗಲ್ಲು ಬಾಗಿಲಿನ ಮುಂದೆ ಎಷ್ಟು ಚಾಚಿರಬೇಕು, ಫೈರ್‌ಪ್ಲೇಸ್ ಮೇಲಿನ ಮರದ ಹಲಗೆಗೆ (ಮ್ಯಾಂಟಲ್) ಎಷ್ಟು ಅಂತರ ಬೇಕು ಎಂಬುದು ಪ್ರತಿ ಮಾದರಿಯ ಕೈಪಿಡಿಯಲ್ಲಿದೆ. ಕೊಳ್ಳುವ ಮೊದಲು ಆ ಪುಟವನ್ನು ಹಿಡಿದು ಅಳೆಯಿರಿ.

ನಿಮ್ಮ ಮನೆಗೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆ. ನಿಮ್ಮದು ಬಿಸಿನೀರಿನ ಕೊಳವೆಗಳ ಮನೆ. ಥರ್ಮೋಸ್ಟಾಟ್ ನಡುಮನೆಯಲ್ಲೇ ಇದ್ದರೆ ಇನ್‌ಸರ್ಟ್ ಉರಿಯುವಾಗ ಅದಕ್ಕೆ ಮನೆಯೆಲ್ಲ ಬೆಚ್ಚಗಿದೆ ಎಂದೇ ಅನ್ನಿಸುತ್ತದೆ, ಬಾಯ್ಲರನ್ನು ಎಬ್ಬಿಸುವುದಿಲ್ಲ. ಹೊರಗೆ ಮೈನಸ್ ಇಪ್ಪತ್ತು ಇರುವ ರಾತ್ರಿ ದೂರದ ಮೂಲೆಯ ಕೋಣೆಯ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಹುದು. ಅತಿ ಚಳಿಯ ದಿನಗಳಲ್ಲಿ ಬಾಯ್ಲರಿನ ನೀರು ಆಗಾಗ ಸುತ್ತುವಂತೆ ವ್ಯವಸ್ಥೆ ಮಾಡಿಸಿ. ಮಹಡಿಗೆ ಶಾಖ ಹೋಗಬೇಕೆಂದರೆ ಬಿಸಿಗಾಳಿಯನ್ನು ಅತ್ತ ತಳ್ಳುವುದಕ್ಕಿಂತ, ಪಡಸಾಲೆಯ ನೆಲದ ಮೇಲೆ ಒಂದು ಪುಟ್ಟ ಫ್ಯಾನ್ ಇಟ್ಟು ತಣ್ಣನೆಯ ಗಾಳಿಯನ್ನು ಒಲೆಯ ಕೋಣೆಯ ಕಡೆಗೆ ತಳ್ಳಿ. ಬಿಸಿಗಾಳಿ ಮೇಲಿನಿಂದ ತಾನಾಗಿಯೇ ಹಿಂದಿರುಗಿ ಬರುತ್ತದೆ.

ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮರದ ಜಗುಲಿಯ ಮೇಲಿಡದೆ ಅಂಗಳದ ಕಲ್ಲಿನ ಮೇಲಿಡಿ. ಬೂದಿಯೊಳಗೆ ಹುದುಗಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಹೇಮಾವತಿ

ಸೌದೆಯ ಇನ್‌ಸರ್ಟ್ ಎಂದೇ ತೀರ್ಮಾನಿಸಿದೆವು, ಮುಂದಕ್ಕೆ ಚಾಚಿದ ಮಾದರಿ. ಹುಡ್‌ಗೆ ಗಾಳಿಕಿಂಡಿಯನ್ನೂ ಮಾಡಿಸುತ್ತಿದ್ದೇವೆ. ಕೂರಿಸುವುದು ನವೆಂಬರ್ ಮೊದಲ ವಾರ. ಕೊನೆಯ ಪ್ರಶ್ನೆ: ಈಗ ಅಕ್ಟೋಬರ್. ಹತ್ತಿರದ ಮಾರಾಟಗಾರರು "ಒಣ ಸೌದೆ" ಎಂದು ಓಕ್ ಕೊಡುತ್ತಿದ್ದಾರೆ. ನಂಬಬಹುದೇ?

ಬೆಟ್ಟದ ಬದಿ

ಅಳೆದು ನಂಬಿ. ತೇವ ಅಳೆಯುವ ಎರಡು ಮೊಳೆಯ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಸೌದೆಯ ಹೊರಮೈಗೆ ಚುಚ್ಚಿದರೆ ಪ್ರಯೋಜನವಿಲ್ಲ, ಹೊರಮೈ ಯಾವಾಗಲೂ ಒಣಗಿರುತ್ತದೆ. ರಾಶಿಯ ನಡುವಿನಿಂದ ಒಂದು ಕೊರಡು ತೆಗೆಸಿ, ಅಲ್ಲೇ ಸೀಳಿಸಿ, ಹೊಸದಾಗಿ ತೆರೆದ ಮೈಗೆ ನಾರಿನುದ್ದಕ್ಕೆ ಮೊಳೆ ಒತ್ತಿ. ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊಳ್ಳಿ. ಆ ಸೀಳಿದ ಮೈಯನ್ನು ಕೆನ್ನೆಗೆ ತಾಗಿಸಿ ನೋಡಿ, ಹಸಿಯಿದ್ದರೆ ತಣ್ಣಗೆ ತೇವ ತಾಕುತ್ತದೆ. ಎರಡು ಒಣ ಕೊರಡುಗಳನ್ನು ಬಡಿದರೆ ಗಟ್ಟಿ ಟಣಕು ಸದ್ದು ಬರುತ್ತದೆ, ಹಸಿಯವು ದಬ್ಬೆನ್ನುತ್ತವೆ. ಓಕ್ ಸೀಳಿಟ್ಟ ಮೇಲೆ ಒಣಗಲು ಎರಡು ಬೇಸಿಗೆ ಬೇಕು. ಈ ವಸಂತದಲ್ಲಿ ಕಡಿದು ಅಕ್ಟೋಬರ್‌ನಲ್ಲಿ ಒಣ ಓಕ್ ಎಂದು ಮಾರುವುದು ಇಲ್ಲಿ ಪ್ರತಿ ವರ್ಷದ ಕಥೆ. ಆ್ಯಶ್ ಮರವಾದರೆ ಒಂದು ವರ್ಷದಲ್ಲಿ ಒಣಗುತ್ತದೆ.

ದೂರದೂರಿನ ಸೌದೆ ತರಿಸಬೇಡಿ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ದುಂಬಿ ಆ್ಯಶ್ ಮರಗಳನ್ನು ಕೊರೆದು ಕೊಲ್ಲುತ್ತಾ ನಮ್ಮ ರಾಜ್ಯಗಳವರೆಗೆ ಬಂದಿದೆ. ಅದಕ್ಕೆ ಸಿಕ್ಕ ವಾಹನಗಳಲ್ಲಿ ಜನ ಸಾಗಿಸಿದ ಸೌದೆಯೂ ಒಂದು.

ಮೀಟರಿನಲ್ಲಿ 30 ತೋರಿಸಿದರೆ ಆ ಓಕನ್ನು ಮುಂದಿನ ವರ್ಷದ ಚಳಿಗಾಲದ ಆಚೆಗೆಂದು ಕೊಂಡು, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಂದೊಂದೇ ಸಾಲಾಗಿ ಪೇರಿಸಿ, ಮೇಲ್ಭಾಗ ಮಾತ್ರ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಡಿ. ಈ ಡಿಸೆಂಬರ್‌ಗೆ ಮರದ ಹೊಟ್ಟನ್ನು ಒತ್ತಿ ಮಾಡಿದ ಇಟ್ಟಿಗೆಗಳು ಕಟ್ಟುಕಟ್ಟಾಗಿ ಸಿಗುತ್ತವೆ. ಅಂಟು, ಮೇಣ ಸೇರಿಸದ ಬಗೆಯನ್ನು ನೋಡಿ ತನ್ನಿ, ನಿಮ್ಮ ಒಲೆಯ ಕೈಪಿಡಿ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಅವುಗಳಲ್ಲಿ ತೇವ ಬಹಳ ಕಡಿಮೆ, ಹಾಗಾಗಿ ಒಮ್ಮೆಗೆ ಕೆಲವನ್ನೇ ಒತ್ತೊತ್ತಾಗಿ ಇಡಿ, ಬಿಡಿಬಿಡಿಯಾಗಿ ತುಂಬಿದರೆ ಒಲೆ ಅಳತೆ ಮೀರಿ ಕಾಯುತ್ತದೆ.

ಹೇಮಾವತಿ

ಮೀಟರ್ ಇವತ್ತೇ ತರಿಸುತ್ತೇನೆ. ಶನಿವಾರ ಸೌದೆ ನೋಡಲು ಹೋಗುವಾಗ ಕೊಡಲಿಯನ್ನೂ ಕಾರಿನಲ್ಲಿ ಇಟ್ಟುಕೊಳ್ಳುತ್ತೇವೆ.